ಎರಡು ಕಪ್ಪಿನ ಸಿನಿಮಾ

ಸಿನಿಮಾ ನೋಡಿದ್ದಕ್ಕೆ ಸಂಬಳ ಕೊಡುವ ಪುಣ್ಯಾತ್ಮರು ಲೋಕದಲ್ಲಿ ಎಲ್ಲಾದರೂ ಇದ್ದಾರೆಯೇ? ಬಿ.ಜಿ. ಕೆರೆಯಿಂದ ಚಳ್ಳಕೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಈ ಪ್ರಶ್ನೆ ದಿನವೂ ಏಳುತ್ತಿತ್ತು. ಮಾರ್ಕೆಟ್ ಯಾರ್ಡಿಗೆ ಕೂಲಿಗೆ ಹೋಗುವ ಹೆಂಗಸರು ಶಾಂತಕುಮಾರಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, ಅದರ ಬಾಡಿಗೆಯನ್ನು ತಮಾಷೆಯಲ್ಲಿ ವಸೂಲು ಮಾಡುತ್ತಿದ್ದರು.

"ಏನಕ್ಕಾ, ಇವತ್ತು ಅಮೆರಿಕಾನಾ, ಇಂಗ್ಲೆಂಡಾ?" ಎಂದು ಸುನಿತಾ ಕೇಳುವಳು. ಯಾರ್ಡಿನಲ್ಲಿ ಚೀಲ ಹೊಲಿಯುವ ಇವಳ ನಾಲಿಗೆಯೂ ದಬ್ಬಣದಷ್ಟೇ ಚೂಪು.

"ಅವ್ರು ಯಾವ್ದು ಹಾಕಿಸ್ತಾರೋ ಅದು."

"ನಮ್ಗೆ ಚೀಲ ಹೊಲ್ದು ಹೊಲ್ದು ಸೊಂಟ ಬಿದ್ದೋಗ್ತೈತೆ. ನೀನು ಸೋಫಾದ ಮ್ಯಾಲೆ ಕುಂತ್ಕಂಡು ಸಿನಿಮಾ ನೋಡ್ತೀಯ. ಹಣೆಬರ ಅಂದ್ರೆ ನಿಂದಕ್ಕಾ!"

ಶಾಂತಕುಮಾರಿ ನಗುತ್ತಿದ್ದಳು. ತಾನು ಕೂರುವುದು ಸೋಫಾದ ಪಕ್ಕದ ಮಣೆಯ ಮೇಲೆ ಎಂದು ತಿದ್ದಲು ಹೋಗುತ್ತಿರಲಿಲ್ಲ. ಅವಳ ಕೆಲಸವನ್ನು ಬಸ್ಸು ಚಳ್ಳಕೆರೆ ಸೇರುವಷ್ಟರಲ್ಲಿ ವಿವರಿಸಿ ಮುಗಿಸುವುದು ಕಷ್ಟ. ಅವಳು ಸಿನಿಮಾ ನೋಡಬೇಕು, ನೋಡುತ್ತ ನೋಡುತ್ತಲೇ ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕೇಳುವವರು ಕಲ್ಲೇಶಪ್ಪನವರು. ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನರು. ಈಗ ಮಿಲ್ಲನ್ನು ಮಗ ಶಶಿಕಾಂತ್ ನೋಡಿಕೊಳ್ಳುತ್ತಾನೆ. ಅವರಿಗೆ ಕಣ್ಣು ಕಾಣುವುದಿಲ್ಲ.

ನೋಡಿದ್ದನ್ನು ಹೇಳುವ ವಿದ್ಯೆ ಅವಳಿಗೆ ಬಂದದ್ದು ತವರಿನಿಂದ. ತವರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ. ಅಪ್ಪ ದುರುಗಣ್ಣ ಕುರಿ ಮೇಯಿಸುತ್ತಿದ್ದ. ಅಶೋಕನ ಶಾಸನ ನೋಡಲು ಕಾರಿನಲ್ಲಿ ಬರುವವರು ಬಂಡೆಯ ಮೇಲೆ ಏನು ಬರೆದಿದೆ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರೆ, ಆ ಊರಿನ ಕುರಿ ಕಾಯುವ ಮಕ್ಕಳ ಪಾಲಿಗೆ ಬಂಡೆಗಳಿದ್ದದ್ದು ಹತ್ತುವುದಕ್ಕೆ. ಕುರಿಗಳು ಕಲ್ಲುಗಳ ಸಂದಿಗೆ ನುಗ್ಗಿಬಿಟ್ಟರೆ ಕೆಳಗಿದ್ದವರಿಗೆ ಏನೂ ಕಾಣದು. ಒಬ್ಬರು ಎತ್ತರದ ಬಂಡೆ ಹತ್ತಿ ಕೂತು ಕೂಗಿ ಹೇಳಬೇಕು: ಕರಿ ಮರಿ ಜಾಲಿ ಗಿಡದ ಹಿಂದೆ ಐತೆ, ದೊಡ್ಡ ಟಗರು ಯಾರದೋ ಹೊಲಕ್ಕೆ ಇಳೀತು, ತೋಳ ಬಂತು, ತೋಳ ಹೋಯ್ತು. ಬಂಡೆ ಮೇಲೆ ಕೂತವರಿಗೆ ದುರುಗಣ್ಣನದು ಒಂದೇ ಕಟ್ಟಪ್ಪಣೆ. ಅದನ್ನು ಅವನು ತೆಲುಗಿನಲ್ಲಿ ಹೇಳುತ್ತಿದ್ದ. ಗಡಿಯ ಊರಿನವನಾದ ಅವನಿಗೆ ಗದರಿಸುವುದಕ್ಕೆ ತೆಲುಗೇ ಲಾಯಕ್ಕು ಅನ್ನಿಸುತ್ತಿತ್ತು. "ಚೂಸಿಂದೇ ಚೆಪ್ಪು." ನೋಡಿದ್ದನ್ನೇ ಹೇಳು. ಕೆಳಗಿನವರು ಹೆದರುತ್ತಾರೆ ಅಂತ ತೋಳನನ್ನು ನಾಯಿ ಮಾಡಬೇಡ.

ಬಿ.ಜಿ. ಕೆರೆಯ ಗಂಗರಾಜುವನ್ನು ಮದುವೆಯಾಗಿ ಬಂದ ಮೇಲೆ ಬಂಡೆ ತಪ್ಪಿತು, ನೋಡುವ ಕೆಲಸ ತಪ್ಪಲಿಲ್ಲ. ಗಂಗರಾಜು ಗೂಡ್ಸ್ ಆಟೋ ಓಡಿಸಿದರೆ, ಅವಳು ಕಲ್ಲೇಶಪ್ಪನವರ ಮಿಲ್ಲಿನಲ್ಲಿ ಬೀಜ ಆರಿಸಲು ಸೇರಿಕೊಂಡಳು. ರಾಶಿ ಹಾಕಿದ ಕಡಲೆಬೀಜದ ಸುತ್ತ ಹೆಂಗಸರು ಕೂತು ಹುಳುಕು, ಮುರುಕು, ಬೂಷ್ಟು ಹಿಡಿದದ್ದನ್ನು ತೆಗೆದೆಸೆಯಬೇಕು. ಸಾಹುಕಾರರ ಹೆಂಡತಿ ಜಗದಾಂಬ ಆಗಾಗ ಬಂದು ಹಿಂದೆ ನಿಲ್ಲುತ್ತಿದ್ದರು. ಆಕೆ ಹೆಚ್ಚು ಮಾತನಾಡುವವರಲ್ಲ, ಆದರೆ ಯಾರ ಕೈ ಸೋಮಾರಿ, ಯಾರ ಕಣ್ಣು ಚುರುಕು ಎಂದು ಒಂದು ಗಳಿಗೆಯಲ್ಲಿ ತಿಳಿದುಕೊಳ್ಳುತ್ತಿದ್ದರು. ಯಜಮಾನರಿಗೆ ಕಣ್ಣಿನ ನರ ಒಣಗುವ ಕಾಯಿಲೆ ಬಂದು ನೋಟ ಸುತ್ತಲಿಂದ ಕುಗ್ಗುತ್ತ ಬಂದಾಗ, ಜಗದಾಂಬ ಶಾಂತಕುಮಾರಿಯನ್ನೇ ಮನೆಗೆ ಕರೆಸಿಕೊಂಡರು.

"ಇವ್ರ ಜೊತೆ ಒಬ್ರು ಇರ್ಬೇಕು ಕಣೆ," ಅಂದರು. "ನಾನಿದ್ರೆ ಅವ್ರಿಗೆ ಆಗಲ್ಲ."

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಕಲ್ಲೇಶಪ್ಪ ಮೊದಲೇ ಮಾನಿಷ್ಠ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು ನೋಡಿ ಇಡೀ ಲೋಡಿನ ಬೆಲೆ ಕಟ್ಟುತ್ತಿದ್ದ ಮನುಷ್ಯನಿಗೆ ತನ್ನ ತಟ್ಟೆಯ ಮುದ್ದೆ ಎಲ್ಲಿದೆ ಎಂದು ಇನ್ನೊಬ್ಬರನ್ನು ಕೇಳುವ ಗತಿ ಬಂದರೆ ಹೇಗಿರಬೇಡ? ಆ ದಿನಗಳಲ್ಲಿ ಒಮ್ಮೆ ಜಗದಾಂಬ ಎದುರಿಗೆ ಕೂತು ನಿಟ್ಟುಸಿರು ಬಿಟ್ಟಿದ್ದೇ ತಡ, ಅವರು ಕೆರಳಿಬಿಟ್ಟರು. "ಹೆಣದ ಮುಂದೆ ಕುಂತಂಗೆ ನನ್ ಮುಂದೆ ಕುಂತ್ಕಂಡು ಮರುಗಬೇಡ. ಎದ್ದೋಗು!" ಜಗದಾಂಬ ಎದ್ದು ಹೋದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಹಾಗಾಯಿತು. ಆಮೇಲೆ ಹೆಂಡತಿ ತಮ್ಮ ಹತ್ತಿರ ಸುಳಿಯುವುದೇ ಇಲ್ಲವೆಂದು ಕಲ್ಲೇಶಪ್ಪ ನಂಬಿಕೊಂಡರು. ತಾವೇ ಕಳಿಸಿದ್ದೆಂದು ಗೊತ್ತಿದ್ದರೂ ಒಳಗೊಳಗೇ ನೊಂದುಕೊಂಡರು.

ಸಿನಿಮಾದ ಹುಚ್ಚು ಅವರಿಗೆ ಹಳೆಯದು. ಬೆಂಗಳೂರಿನಲ್ಲಿ ಬಿ.ಕಾಂ. ಓದುವಾಗ ಕಂಟೋನ್ಮೆಂಟ್ ಕಡೆಯ ಟಾಕೀಸುಗಳಲ್ಲಿ ಇಂಗ್ಲಿಷ್ ಸಿನಿಮಾಗಳನ್ನು ಬಿಡದೆ ನೋಡಿದ್ದರು. ಊರಿಗೆ ಬಂದು ಮಿಲ್ಲು ಹಿಡಿದ ಮೇಲೂ ಆ ಹುಚ್ಚು ಬಿಡಲಿಲ್ಲ. ಕಣ್ಣು ಹೋದ ಮೇಲೆ ಒಂದು ಮಧ್ಯಾಹ್ನ, ಟೀವಿಯಲ್ಲಿ ಬರೀ ಮಾತು ಕೇಳಿ ಕೇಳಿ ರೋಸಿಹೋಗಿ, ನೆಲ ಒರೆಸುತ್ತಿದ್ದ ಶಾಂತಕುಮಾರಿಯನ್ನು ಕರೆದರು.

"ಶಾಂತಮ್ಮ, ಆ ಬಟ್ಟೆ ಆ ಕಡೆ ಇಡು. ಟೀವಿಯಾಗೆ ಏನಾಗ್ತೈತೆ ನೋಡಿ ಹೇಳು."

ಅದು ಅಮೆರಿಕದ ಸಿನಿಮಾ. ಒಬ್ಬ ಸೇತುವೆಯ ಮೇಲೆ ಲಾರಿ ಓಡಿಸುತ್ತಿದ್ದ, ಹಿಂದೆ ನಾಲ್ಕಾರು ಕಾರು. ಶಾಂತಕುಮಾರಿಗೆ ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಲಾರಿ ಗುದ್ದುವುದು ಅರ್ಥವಾಗಲು ಇಂಗ್ಲಿಷ್ ಯಾಕೆ ಬೇಕು? "ಗುದ್ದಿದ ಸಾವ್ಕಾರ್ರೆ! ಇಲ್ಲ ಇಲ್ಲ, ತಪ್ಪಿಸ್ಕಂಡ! ಇನ್ನೊಂದ್ ಕಾರು ಬಂತು! ಅಯ್ಯಯ್ಯೋ, ನೀರಿಗೇ ಬಿತ್ತು!" ಸಿನಿಮಾ ಮುಗಿಯುವ ಹೊತ್ತಿಗೆ ಅವಳಿಗೆ ಏದುಸಿರು. ಕಲ್ಲೇಶಪ್ಪ ತೊಡೆ ತಟ್ಟಿಕೊಂಡು ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅವತ್ತಿನಿಂದ ಊಟವಾದ ಮೇಲೆ ಸಿನಿಮಾ. ಪಾತ್ರಗಳು ಏನು ಮಾತಾಡಿದರು ಎಂದು ಅವರು ಅವಳಿಗೆ ಹೇಳುವರು, ಏನು ಮಾಡಿದರು ಎಂದು ಅವಳು ಅವರಿಗೆ ಹೇಳುವಳು. ಒಬ್ಬರ ಕಿವಿ, ಒಬ್ಬರ ಕಣ್ಣು ಸೇರಿ ಒಂದು ಸಿನಿಮಾ ಆಗುತ್ತಿತ್ತು.

ತೊಡಕು ಬಂದದ್ದು ಬ್ರಿಟನ್ನಿನ ಸಿನಿಮಾ ಹಾಕಿದ ದಿನ. ತೆರೆಯ ಮೇಲೆ ಒಂದು ಕೋಣೆ, ಒಂದು ಹೆಂಗಸು, ಒಬ್ಬ ಗಂಡಸು.

"ಏನಾಗ್ತೈತೆ?"

"ಏನೂ ಇಲ್ಲ ಸಾವ್ಕಾರ್ರೆ. ಕುಂತವ್ರೆ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇನ್ನಾ ಕುಂತವ್ರೆ. ಹೊರಗೆ ಮಳೆ ಬರ್ತೈತೆ."

"ಮಳೆ ನಂಗೂ ಕೇಳ್ತೈತೆ. ಆಕೆ ಕೈ ಏನ್ ಮಾಡ್ತೈತೆ ನೋಡು."

"ಕೈಯಾ?" ಶಾಂತಕುಮಾರಿ ಮುಂದಕ್ಕೆ ಬಗ್ಗಿದಳು. "ಮೇಜಿನ ಮ್ಯಾಗಳ ಬಟ್ಟೆ ಸರಿ ಮಾಡ್ತೈತೆ. ಅದು ಸರಿಯಾಗೇ ಐತೆ, ಆದ್ರೂ ಎಳ್ದು ಎಳ್ದು ಸರಿ ಮಾಡ್ತೈತೆ."

"ಹಾಂ!" ಕಲ್ಲೇಶಪ್ಪ ನೆಟ್ಟಗೆ ಕೂತರು. "ಅಲ್ಲೈತೆ ನೋಡು ಸಿನಿಮಾ. ಬಾಯಾಗೆ ಆಕೆ ಅವ್ನಿಗೆ ಟೀ ಬೇಕಾ ಅಂತ ಕೇಳ್ತವ್ಳೆ. ಕೈಯಾಗೆ ಹೋಗಬ್ಯಾಡ ಅಂತವ್ಳೆ."

ಹೀಗೆ ಶುರುವಾಯಿತು ಅವರ ಪಾಠ. ಅಮೆರಿಕದವನು ನಿನ್ನ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋಗುತ್ತಾನೆ, ಯಾರು ಒಳ್ಳೆಯವನು, ಯಾರಿಗೆ ಏನು ಬೇಕು ಎಲ್ಲವನ್ನೂ ತೋರಿಸುತ್ತಾನೆ, ಅಳಬೇಕಾದ ಕಡೆ ಪಿಟೀಲು ಬಾರಿಸಿ ಎಚ್ಚರಿಸುತ್ತಾನೆ, ಕೊನೆಗೆ ಕಥೆಯ ಬಾಗಿಲು ಹಾಕಿ ಚಿಲಕವನ್ನೂ ಹಾಕುತ್ತಾನೆ. ಬ್ರಿಟನ್ನಿನವನು ಬಾಗಿಲನ್ನು ಅರ್ಧ ತೆಗೆದು ಸುಮ್ಮನಾಗುತ್ತಾನೆ, ಬೇಕಾದರೆ ನೀನೇ ಬಗ್ಗಿ ನೋಡಿಕೋ. ಎಲ್ಲರೂ ಹೀಗೇ ಅಂತಲ್ಲ, ಅಮೆರಿಕದಲ್ಲೂ ಮೌನಿಗಳಿದ್ದಾರೆ, ಬ್ರಿಟನ್ನಿನಲ್ಲೂ ಬಾಯಿಬಡುಕರಿದ್ದಾರೆ. ಆದರೂ ಹುಟ್ಟುಗುಣ ಅಂತ ಒಂದಿರುತ್ತೆ, ಎನ್ನುತ್ತಿದ್ದರು.

ಶಾಂತಕುಮಾರಿಯದೂ ಒಂದು ಲೆಕ್ಕಾಚಾರವಿತ್ತು. "ಅಮೆರಿಕದೋರು ಮಕದ ಹತ್ರ ಹೋಗಿ ಮೂಗಿಗೆ ಮೂಗು ತಾಗಂಗೆ ನಿಂತ್ಕಂತಾರೆ ಸಾವ್ಕಾರ್ರೆ. ಇವ್ರು ಬಾಗ್ಲಾಗೇ ನಿಂತು ನೋಡ್ತಾರೆ, ನೆಂಟಸ್ತನ ಇಲ್ದೋರ ಹಂಗೆ." ಇನ್ನೊಂದು ದಿನ ಕೂಗಿಯೇ ಬಿಟ್ಟಳು: "ಸಾವ್ಕಾರ್ರೆ, ಇವ್ರು ಪಾತ್ರೆ ತೊಳೀತಾರೆ! ಅಮೆರಿಕದ ಸಿನಿಮಾದಾಗೆ ಹೊಟ್ಟೆ ತುಂಬ ಉಣ್ತಾರೆ, ತಟ್ಟೆ ಯಾರ್ ತೊಳೀತಾರೋ ಒಂದಿನಾನೂ ತೋರ್ಸಲ್ಲ." ಕಲ್ಲೇಶಪ್ಪನವರಿಗೆ ಇದು ಎಷ್ಟು ಹಿಡಿಸಿತೆಂದರೆ, ಮಾರ್ಕೆಟ್ಟಿನ ದಲಾಲಿ ಗೆಳೆಯ ಬೊಮ್ಮಲಿಂಗಪ್ಪ ಬಂದಾಗ ತಮ್ಮದೇ ಸಂಶೋಧನೆ ಎಂಬಂತೆ ಅದನ್ನು ಉದುರಿಸಿದರು.

ಇಷ್ಟೆಲ್ಲ ನಡೆಯುವಾಗ ಆ ಕೋಣೆಯಲ್ಲಿ ಮೂರನೆಯವರೊಬ್ಬರು ಇರುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಒಂದು ಮರದ ಕುರ್ಚಿ. ಸಿನಿಮಾ ಶುರುವಾದ ಮೇಲೆ ಜಗದಾಂಬ ಬಂದು ಅದರಲ್ಲಿ ಕೂರುತ್ತಿದ್ದರು. ಬಳೆ ಸದ್ದಾಗದಂತೆ ಮೊಣಕೈವರೆಗೆ ಸರಿಸಿಕೊಂಡು, ಕಾಲ್ಗೆಜ್ಜೆ ಇಲ್ಲದ ಕಾಲಲ್ಲಿ ಬೆಕ್ಕಿನಂತೆ ಬರುತ್ತಿದ್ದರು. ಟೀವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೂತು, ಅವರು ನಕ್ಕಾಗ ತಾವೂ ಸದ್ದಿಲ್ಲದೆ ನಗುತ್ತಿದ್ದರು. ಮೊದಲ ದಿನವೇ ಶಾಂತಕುಮಾರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಆಮೇಲೆ ಒಳಗೆ ಕರೆದು, "ನಾನಿಲ್ಲಿ ಕೂರೋದು ಅವ್ರಿಗೆ ಹೇಳ್ಬ್ಯಾಡ. ಮತ್ತೆ ಎಬ್ಬಿಸಿ ಕಳಿಸ್ತಾರೆ," ಅಂದಿದ್ದರು. ಅನ್ನ ಹಾಕುವ ಕೈ ಕೇಳಿದ ಮೇಲೆ ಇಲ್ಲವೆನ್ನಲಾದೀತೆ? ಶಾಂತಕುಮಾರಿ ಒಪ್ಪಿದ್ದಳು.

ಹೀಗಿರುವಾಗ ಒಂದು ದಿನ ಕಲ್ಲೇಶಪ್ಪ ಕಣ್ಣಾಸ್ಪತ್ರೆಗೆ ಹೋಗಿ ಬಂದರು. ಬಲಗಣ್ಣಿನಲ್ಲಿ ಉಳಿದಿದ್ದ ಒಂದಿಷ್ಟು ಬೆಳಕು, ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು, ಅದೂ ನಿಲ್ಲುವುದಿಲ್ಲವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆ ದೀಪಿಕಾ ಅಳುತ್ತ ರೂಮಿಗೆ ಹೋದಳು. ಶಶಿಕಾಂತ್ ಮಿಲ್ಲಿಗೆ ಹೋಗುವ ನೆಪ ಮಾಡಿದ. ಕಲ್ಲೇಶಪ್ಪ ಮಾತ್ರ ಏನೂ ಆಗದವರಂತೆ, "ಶಾಂತಮ್ಮ, ಹಾಕು ಸಿನಿಮಾ," ಅಂದರು.

ಅದು ಬ್ರಿಟನ್ನಿನ ಹಳೆಯ ಸಿನಿಮಾ. ಸಮುದ್ರದ ದಂಡೆಯ ಊರು. ದೋಣಿಯಲ್ಲಿ ಜನರನ್ನು ದಾಟಿಸುವ ಗಂಡ, ಹೆಂಡತಿಯ ಮೇಲೆ ಮುನಿಸಿಕೊಂಡು ಹೋದವನು, ವಾಪಸ್ಸು ಬರುವುದಿಲ್ಲ. ಅವಳು ದಿನವೂ ಮೇಜಿನ ಮೇಲೆ ಎರಡು ಕಪ್ಪು ಇಡುತ್ತಾಳೆ. ಕೊನೆಯ ದೃಶ್ಯದಲ್ಲಿ ಮಾತಿಲ್ಲ, ಸಂಗೀತವಿಲ್ಲ. ಗಾಳಿ, ಗಡಿಯಾರದ ಟಿಕ್ ಟಿಕ್, ನೀರು ಕುದಿಯುವ ಸದ್ದು. ಅಮೆರಿಕದ ಸಿನಿಮಾ ಆಗಿದ್ದರೆ ಶಾಂತಕುಮಾರಿ ಸುಳ್ಳು ಹೇಳುವಂತೆಯೇ ಇರಲಿಲ್ಲ, ಪಿಟೀಲು ಅವಳನ್ನು ಹಿಡಿದುಕೊಡುತ್ತಿತ್ತು. ಈ ಮೌನದಲ್ಲಿ ಕಲ್ಲೇಶಪ್ಪನವರಿಗೆ ಅವಳ ಮಾತೇ ಗತಿ.

"ಬಂದ್ನಾ?" ಎಂದು ಕೇಳಿದರು. ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅವರು ಸಿನಿಮಾದವನಿಗಿಂತ ದೊಡ್ಡದೇನನ್ನೋ ಕೇಳುತ್ತಿರುವ ಹಾಗಿತ್ತು. ಶಾಂತಕುಮಾರಿ ಅವರ ಮುಖ ನೋಡಿದಳು. ತೆರೆಯ ಮೇಲೆ ಬಾಗಿಲು ಮುಚ್ಚಿಯೇ ಇತ್ತು.

"ಬಂದ," ಅಂದಳು. "ಬಾಗ್ಲಾಗೆ ನಿಂತವ್ನೆ ಸಾವ್ಕಾರ್ರೆ. ಎಲ್ಲಾ ನೆಂದೋಗವ್ನೆ. ಆಕೆ ಎರಡ್ನೇ ಕಪ್ಪಿಗೆ ಟೀ ಹಾಕ್ತವ್ಳೆ."

ಕಲ್ಲೇಶಪ್ಪ ಒಮ್ಮೆ ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಅವರ ಮುಖ ಅಷ್ಟು ಹಗುರಾದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಬಾಗಿಲ ಕುರ್ಚಿಯಲ್ಲಿ ಜಗದಾಂಬ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. ಒಳ್ಳೆಯದೇ ಆಯಿತಲ್ಲ ಎಂದುಕೊಂಡು ಶಾಂತಕುಮಾರಿ ಸಂಜೆಯ ಬಸ್ಸು ಹಿಡಿದಳು.

ಒಳ್ಳೆಯದಕ್ಕೆ ಹೇಳಿದ ಸುಳ್ಳು ಹೇಳಿದ ಕಡೆ ಬಿದ್ದಿರುವುದಿಲ್ಲ, ಬೇರು ಬಿಡುತ್ತದೆ. ಕಲ್ಲೇಶಪ್ಪ ಆ ಕೊನೆಯ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ಬ್ರಿಟನ್ನಿನವನು ಸಿನಿಮಾ ಪೂರ್ತಿ ಕಾಯಿಸಿ ಕೊನೆಗೆ ಕೊಟ್ಟೇ ಕೊಡುತ್ತಾನೆ, ಆದರೆ ಡಂಗುರ ಹೊಡೆಯುವುದಿಲ್ಲ. ಅಮೆರಿಕದವನಾಗಿದ್ದರೆ ಅವರಿಬ್ಬರನ್ನೂ ಓಡಿಸಿ ಅಪ್ಪಿಕೊಳ್ಳುವಂತೆ ಮಾಡುತ್ತಿದ್ದ, ಇವನು ಒಂದು ಕಪ್ಪಿಗೆ ಟೀ ಹಾಕಿಸಿ ಮುಗಿಸಿದ ನೋಡು ಎಂದು ಬೊಮ್ಮಲಿಂಗಪ್ಪನಿಗೆ ಹೇಳಿದರು, ಕ್ಷೌರದವನಿಗೆ ಹೇಳಿದರು, ಫೋನಿನಲ್ಲಿ ಬೀಗರಿಗೆ ಹೇಳಿದರು. ಅವರು ಹೇಳಿದಾಗಲೆಲ್ಲ ಶಾಂತಕುಮಾರಿ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕುತ್ತಿದ್ದಳು.

ಊರಿನ ಒಂದು ಕಾಲೇಜಿನಲ್ಲಿ ತ್ರಿವೇಣಿ ಎಂಬ ಮೇಡಂ ಹುಡುಗರಿಗಾಗಿ ಸಿನಿಮಾ ಬಳಗ ನಡೆಸುತ್ತಿದ್ದರು. ಕಲ್ಲೇಶಪ್ಪನವರ ವಿಷಯ ಹೇಗೋ ಅವರ ಕಿವಿಗೆ ಬಿದ್ದು, ಅಮೆರಿಕದ ಸಿನಿಮಾಕ್ಕೂ ಬ್ರಿಟನ್ನಿನ ಸಿನಿಮಾಕ್ಕೂ ಏನು ವ್ಯತ್ಯಾಸ ಎಂದು ಮಾತನಾಡಲು ಕರೆದರು. ಕಣ್ಣು ಹೋದ ಮೇಲೆ ಕಲ್ಲೇಶಪ್ಪ ಮೊದಲ ಸಲ ಇಸ್ತ್ರಿಯ ಅಂಗಿ ಕೇಳಿ ಹಾಕಿಕೊಂಡರು. ಆಟೋದಲ್ಲಿ ಶಾಂತಕುಮಾರಿ ಧೈರ್ಯ ಮಾಡಿ ಬಾಯಿ ತೆಗೆದಳು.

"ಸಾವ್ಕಾರ್ರೆ, ಆ ಎರಡು ಕಪ್ಪಿನ ಸಿನಿಮಾ ಕೊನೆ..."

"ಅದೇ! ಅದನ್ನೇ ಕೊನೇಗೆ ಇಟ್ಕಂಡಿದೀನಿ. ಹುಡುಗ್ರು ಹೆಂಗೆ ಬಾಯ್ ಬಿಟ್ಕಂಡು ಕೇಳ್ತಾರೆ ನೋಡ್ತಿರು."

ಆ ಉತ್ಸಾಹದ ಮೇಲೆ ನೀರೆರಚಲು ಅವಳಿಗೆ ನಾಲಿಗೆ ಏಳಲಿಲ್ಲ.

ಮಾತು ಚೆನ್ನಾಗಿಯೇ ನಡೆಯಿತು. ಪಾತ್ರೆ ತೊಳೆಯುವ ಮಾತಿಗೆ ಹುಡುಗರು ಬಿದ್ದು ಬಿದ್ದು ನಕ್ಕರು. ಕಲ್ಲೇಶಪ್ಪ ಕೈಯೆತ್ತಿ, "ಇದು ನಂದಲ್ಲ, ನಮ್ಮ ಶಾಂತಮ್ಮ ಕಂಡ್ಹಿಡಿದಿದ್ದು. ನನ್ ಕಣ್ಣು ಆಕೇನೇ. ಎದ್ದು ನಿಂತ್ಕೋ ಶಾಂತಮ್ಮ," ಅಂದರು. ಅವಳು ಎದ್ದು ನಿಂತಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಆಮೇಲೆ ಅವರು ಎರಡು ಕಪ್ಪಿನ ಸಿನಿಮಾದ ಕೊನೆಯನ್ನು ಹೇಳಿದರು. ಬಾಗಿಲಲ್ಲಿ ನಿಂತ ಗಂಡ, ನೆಂದ ಕೋಟು, ಎರಡನೆಯ ಕಪ್ಪಿಗೆ ಬೀಳುವ ಟೀ.

ತ್ರಿವೇಣಿ ಮೇಡಂ ಬಹಳ ಮರ್ಯಾದೆಯಿಂದಲೇ ಕೇಳಿದರು. "ಸಾರ್, ಆ ಸಿನಿಮಾ ನಾನೂ ನೋಡಿದೀನಿ. ಅವನು ಬರೋದಿಲ್ಲ ಅಲ್ವಾ? ಎರಡನೇ ಕಪ್ಪು ಖಾಲಿನೇ ಉಳಿಯುತ್ತೆ."

ಕಲ್ಲೇಶಪ್ಪ ಶಾಂತಕುಮಾರಿ ಕೂತಿದ್ದಾಳೆಂದು ಅಂದಾಜು ಮಾಡಿದ ಕಡೆಗೆ ಮುಖ ತಿರುಗಿಸಿದರು. ಅಂದಾಜು ತಪ್ಪಿತ್ತು, ಅವರು ಗೋಡೆಯನ್ನು ನೋಡುತ್ತಿದ್ದರು. ಆಮೇಲೆ ನಕ್ಕರು. "ಹೌದೇನ್ರಿ? ಹಂಗಾದ್ರೆ ನನ್ ನೆನಪೇ ತಪ್ಪು. ವಯಸ್ಸಾಯ್ತು ನೋಡಿ." ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಎದುರಿಗೇ ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಆಟೋದಲ್ಲಿ ಬರುವಾಗ ಅವರು ಕೇಳಿದ್ದು ಒಂದೇ. "ಮೋಡ ಆಗೈತಾ?"

"ಇಲ್ಲ ಸಾವ್ಕಾರ್ರೆ."

"ಇಲ್ಲ ಅಂತೀಯ. ನೀನು ಹೇಳಿದ್ಮ್ಯಾಲೆ ನಂಬ್ಬೇಕು."

ಮನೆಗೆ ಬಂದು ಸೋಫಾದಲ್ಲಿ ಕೂತ ಮೇಲೆ ಅವಳು ಅತ್ತಳು. ನಿಮ್ಮ ಮುಖ ನೋಡಿ ಸಂಕಟ ಆಯ್ತು, ಅದಕ್ಕೇ ಹೇಳಿದೆ ಅಂದಳು. ಅಪ್ಪನ ಬಂಡೆಯ ಮಾತನ್ನೂ, ತೋಳನನ್ನು ನಾಯಿ ಮಾಡಬಾರದೆಂಬುದನ್ನೂ ಹೇಳಿ, ಗೊತ್ತಿದ್ದೂ ತಪ್ಪು ಮಾಡಿದೆ ಅಂದಳು. ಕಲ್ಲೇಶಪ್ಪ ಪೂರ್ತಿ ಕೇಳಿದರು.

"ನಂಗೆ ನೋವಾಗಬಾರ್ದು ಅಂತ ಮಾಡ್ದೆ. ಗೊತ್ತು. ಅದಕ್ಕೇ ನಂಗೆ ಬ್ಯಾಸ್ರ. ಈ ಮನೆಯಾಗೆ ಎಲ್ರೂ ನನ್ ಹತ್ರ ಹಂಗೇ ಮಾತಾಡ್ತಾರೆ, ಮಗಿನ ಜೊತೆ ಮಾತಾಡ್ದಂಗೆ. ನೀನೊಬ್ಳು ಹಂಗಲ್ಲ ಅಂದ್ಕಂಡಿದ್ದೆ." ಟೀವಿಯ ಕಡೆ ಕೈ ತೋರಿಸಿ, "ಇನ್ನ ಯಾವ್ಯಾವ ಸಿನಿಮಾದಾಗೆ ಯಾರ್ಯಾರ್ನ ಬದುಕ್ಸಿದೀಯೋ, ನಂಗೇನು ಗೊತ್ತು? ನಾಳೆಯಿಂದ ಸಿನಿಮಾ ಬ್ಯಾಡ," ಅಂದರು.

ಶಾಂತಕುಮಾರಿಗೆ ಕೆಲಸವೇನೂ ಹೋಗಲಿಲ್ಲ, ಅಡುಗೆಮನೆಯಲ್ಲಿ ಬೇಕಾದಷ್ಟಿತ್ತು. ದೀಪಿಕಾ ಟೀವಿಯಲ್ಲಿ ಒಂದು ಏರ್ಪಾಡು ಹುಡುಕಿದಳು: ತೆರೆಯ ಮೇಲೆ ನಡೆಯುವುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ಒಂದು ದನಿ. ಅದು ಸುಳ್ಳು ಹೇಳುವುದಿಲ್ಲ, ಏದುಸಿರೂ ಬಿಡುವುದಿಲ್ಲ. ಕಲ್ಲೇಶಪ್ಪ ಒಂದೆರಡು ದಿನ ಕೇಳಿ, "ವಾರ್ತೆ ಓದ್ದಂಗೈತೆ," ಎಂದು ಆರಿಸಿಬಿಟ್ಟರು. ಆಮೇಲೆ ಮಧ್ಯಾಹ್ನಗಳಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬಾಗಿಲ ಕುರ್ಚಿಯಲ್ಲಿ ಜಗದಾಂಬ, ಬಳೆ ಮೇಲೆ ಸರಿಸಿಕೊಂಡು, ಆಗಲೂ ಅವರನ್ನೇ ನೋಡುತ್ತ ಕೂತಿರುತ್ತಿದ್ದರು.

ಭಾನುವಾರ ಸಿದ್ದಾಪುರಕ್ಕೆ ಹೋದಳು. ದುರುಗಣ್ಣನಿಗೆ ಈಗ ಕುರಿ ಹಿಂದೆ ಹೋಗುವ ಶಕ್ತಿಯಿಲ್ಲ, ಬಂಡೆಯ ನೆರಳಿನಲ್ಲಿ ಕೂತು ಬೀಡಿ ಸೇದುತ್ತಾನೆ. ಮಗಳು ಎಲ್ಲವನ್ನೂ ಹೇಳಿಕೊಂಡಳು. ಅಪ್ಪ ಬೈಯುತ್ತಾನೆ ಎಂದುಕೊಂಡರೆ ಬೈಯಲಿಲ್ಲ.

"ಆಮ್ಯಾಕೆ ಏನ್ ಮಾಡ್ದೆ?" ಎಂದು ಕೇಳಿದ.

"ಏನ್ ಮಾಡ್ಲಪ್ಪಾ? ಸುಮ್ಕೆ ಪಾತ್ರೆ ತೊಳ್ಕಂಡು ಅವ್ನಿ."

"ಒಂದ್ಸಲ ತಪ್ಪು ಹೇಳಿದೋಳು ಬಂಡೆ ಇಳ್ದು ಕುಂತ್ರೆ ಕುರಿ ಯಾರ್ ಕಾಯ್ತಾರೆ? ಹತ್ತಿ ಕುಂತ್ಕಂಡು ಸರಿಯಾಗಿ ಹೇಳು. ನಂಬೋದು ಬಿಡೋದು ಕೆಳಗಿನೋರಿಗೆ ಬಿಟ್ಟಿದ್ದು." ಬೀಡಿ ಆರಿತ್ತು, ಮತ್ತೆ ಹಚ್ಚಿಕೊಂಡ.

ಸೋಮವಾರ ಮಧ್ಯಾಹ್ನ ಅವಳು ಕೈ ಒರೆಸಿಕೊಂಡು ಬಂದು ಮಣೆಯ ಮೇಲೆ ಕೂತಳು. "ಸಾವ್ಕಾರ್ರೆ, ಆ ಎರಡು ಕಪ್ಪಿನ ಸಿನಿಮಾ ಹಾಕ್ತೀನಿ. ಕೊನೇದು ಸರಿಯಾಗಿ ಹೇಳಿ ಎದ್ದೋಗ್ತೀನಿ. ಕೇಳ್ದಿದ್ರೂ ಪರವಾಗಿಲ್ಲ."

ಕಲ್ಲೇಶಪ್ಪ ಬೇಡವೆನ್ನಲಿಲ್ಲ. ಅವಳು ಕೊನೆಯ ಭಾಗಕ್ಕೆ ಹೋದಳು. ಮತ್ತೆ ಅದೇ ಗಾಳಿ, ಅದೇ ಗಡಿಯಾರ.

"ಬಾಗ್ಲು ಮುಚ್ಚೈತೆ," ಅಂದಳು. "ಆಕೆ ಒಂದು ಕಪ್ಪಿಗೆ ಟೀ ಹಾಕ್ಕಂತವ್ಳೆ. ಇನ್ನೊಂದು ಬೋರಲು ಐತೆ. ಕುಡೀತವ್ಳೆ. ಬಾಗ್ಲು ನೋಡ್ತವ್ಳೆ. ಯಾರೂ ಬರ್ಲಿಲ್ಲ. ಎದ್ಲು. ಕುಡ್ದ ಕಪ್ಪು ತೊಳೀತವ್ಳೆ. ಈಗ ಕುಡೀದೇ ಇದ್ದ ಕಪ್ಪೂ ತಗಂಡ್ಲು. ಅದನ್ನೂ ತೊಳೀತವ್ಳೆ ಸಾವ್ಕಾರ್ರೆ. ಎರಡೂ ಒರ್ಸಿ ಮೇಜಿನ ಮ್ಯಾಲೆ ಇಟ್ಲು, ನಾಳೇಕೆ. ಅಷ್ಟೇ. ಮುಗೀತು."

ಅವಳು ಟೀವಿ ಆರಿಸಿದಳು.

"ಇದು ನಿನ್ ಕೊನೆಗಿಂತ ಚೆನ್ನಾಗೈತೆ," ಎಂದರು ಕಲ್ಲೇಶಪ್ಪ. "ನಾಳೇಕೂ ಇಟ್ಲು ನೋಡು ಪುಣ್ಯಾತ್ಗಿತ್ತಿ." ಆಮೇಲೆ ಅವಳ ದನಿಯ ಕಡೆ ತಿರುಗಿ, "ಶಾಂತಮ್ಮ, ಈಗೊಂದು ಕೇಳ್ತೀನಿ. ತೋಳನ್ನ ನಾಯಿ ಮಾಡಿದ್ದು ಇನ್ನೂ ಏನಾದ್ರೂ ಐತಾ?"

ಶಾಂತಕುಮಾರಿ ತಲೆಯೆತ್ತಿದಳು. ಬಾಗಿಲ ಕುರ್ಚಿಯಲ್ಲಿ ಜಗದಾಂಬ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು, ತುಟಿಯ ಮೇಲೆ ಬೆರಳು. ಈ ಮನೆಯ ಉಪ್ಪು ತಿನ್ನಿಸಿದವರು ಅವರು. ಮಾತು ಕೊಟ್ಟದ್ದೂ ಅವರಿಗೇ. ಆದರೆ ಬಂಡೆಯ ಕೆಳಗೆ ನಿಂತು ಕೇಳುತ್ತಿರುವವರು ಇವರು. ಇವತ್ತು ಮತ್ತೆ ಇಲ್ಲವೆಂದರೆ ಇನ್ನೆಂದೂ ಈ ಮಣೆಯ ಮೇಲೆ ಕೂರುವ ಮುಖ ತನಗಿಲ್ಲ ಎಂದು ಅವಳಿಗೆ ಖಚಿತವಾಗಿತ್ತು.

"ಐತೆ ಸಾವ್ಕಾರ್ರೆ. ಒಂದೈತೆ. ಅಮ್ಮಾರು ಅಡಿಗೆಮನೆ ಬಾಗ್ಲಾಗೆ ಕುಂತವ್ರೆ."

"ಯಾರು?"

"ಅಮ್ಮಾರು. ಇವತ್ತೊಂದೇ ಅಲ್ಲ. ಮೊದಲ್ನೇ ಸಿನಿಮಾದಿಂದ ದಿನಾ ಕುಂತ್ಕಂತಾರೆ. ಟೀವಿ ನೋಡಲ್ಲ, ನಿಮ್ಮನ್ನ ನೋಡ್ತಾರೆ. ನೀವು ನಕ್ಕಾಗ ನಗ್ತಾರೆ. ಬಳೆ ಸದ್ದಾದ್ರೆ ನೀವು ಎಬ್ಬಿಸಿ ಕಳಿಸ್ತೀರಿ ಅಂತ ಮೊಣಕೈ ತಂಕ ಏರಿಸ್ಕಂಡಿರ್ತಾರೆ."

ಕಲ್ಲೇಶಪ್ಪ ಸೋಫಾದ ಅಂಚಿಗೆ ಸರಿದರು. "ಈಗ ಏನ್ ಮಾಡ್ತವ್ಳೆ?"

"ಅಳ್ತವ್ರೆ."

"ಸದ್ದೇ ಇಲ್ವಲ್ಲ."

"ಸದ್ದಿಲ್ದಂಗೆ ಅಳ್ತಾರೆ ಸಾವ್ಕಾರ್ರೆ. ಅಭ್ಯಾಸ ಆಗೋಗೈತೆ ಅವ್ರಿಗೆ."

ಕಲ್ಲೇಶಪ್ಪ ಬಲಗೈಯನ್ನು ಮೆಲ್ಲಗೆ ಮುಂದಕ್ಕೆ ಚಾಚಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಕೈ ಕಿಟಕಿಯ ಕಡೆ ಹೋಗಿತ್ತು, ಅಲ್ಲಿ ಯಾರೂ ಇರಲಿಲ್ಲ.

"ಎಡಕ್ಕೆ ಸಾವ್ಕಾರ್ರೆ," ಅಂದಳು ಶಾಂತಕುಮಾರಿ. "ಇನ್ನೊಂಚೂರು ಎಡಕ್ಕೆ. ಹಾಂ, ಅಲ್ಲೇ."

ಜಗದಾಂಬ ಎದ್ದರು. ಮೊಣಕೈಗೆ ಏರಿಸಿದ್ದ ಬಳೆಗಳು ಮುಂಗೈಗೆ ಜಾರಿ ಸದ್ದು ಮಾಡಿದವು. ಆ ಸದ್ದು ಕಲ್ಲೇಶಪ್ಪನವರಿಗೆ ಕೇಳಿಸಿತು. ಕೇಳಿಸಿದರೂ ಕಿವಿಯೊಂದನ್ನೇ ನಂಬಲು ಅವರಿಗೆ ಧೈರ್ಯವಾಗಲಿಲ್ಲ.

"ಬಂದ್ಲಾ?" ಎಂದು ಕೇಳಿದರು.

ಶಾಂತಕುಮಾರಿ ನೋಡಿ ಹೇಳಿದಳು.

"ಬಂದ್ರು."